ಮಾಸ್ತರ ವ್ಯಾಗನ್‌ಆರ್ ಮತ್ತು 18,500 ಕಿಲೋಮೀಟರಿನ ಖಾಲಿ ಜಾಗ

ಹಳೇ ಕಾರು ಕೊಳ್ಳಲು ಹೊರಟವನ ಕಿವಿಗೆ ಮೊದಲು ಬೀಳುವ ಮಾತು ಎರಡು. ‘ಫುಲ್ ಸರ್ವಿಸ್ ಹಿಸ್ಟರಿ ಉಂಟು’, ‘ಕಂಪನಿ ವಾರಂಟಿ ಇನ್ನೂ ಇದೆ’. ಮಾರುವವರು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ, ಕೇಳುವವರೂ ಒಂದೇ ಅಂತ ತಿಳಿದು ತಲೆಯಾಡಿಸುತ್ತಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇವೆರಡೂ ಒಟ್ಟಿಗೆ ಇರುವ ಗಾಡಿ ಅಪರೂಪ. ಶೋರೂಮಿನ ವರ್ಕ್‌ಶಾಪ್ ಇರುವುದು ಎಲ್ಲೋ, ಮನೆ ಇರುವುದು ಇನ್ನೆಲ್ಲೋ. ಫ್ರೀ ಸರ್ವಿಸ್ ಮುಗಿದದ್ದೇ ತಡ, ಅರ್ಧಕ್ಕರ್ಧ ಜನ ಊರಿನ ಗ್ಯಾರೇಜಿಗೆ ಹೋಗುತ್ತಾರೆ. ಅದರಿಂದ ಗಾಡಿ ಕೆಡುವುದಿಲ್ಲ, ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಆದರೆ ವಾರಂಟಿಗೆ ಬೇಕಾದದ್ದು ಕಾಗದ. ಗಾಡಿಯ ಸ್ಥಿತಿಯನ್ನೂ ಕಾಗದವನ್ನೂ ಬೇರೆ ಬೇರೆ ನೋಡಿ, ಬೇರೆ ಬೇರೆ ಬೆಲೆ ಕಟ್ಟಬೇಕು ಎಂಬುದು ಕಳೆದ ಮಳೆಗಾಲ ಮುಗಿದ ಮೇಲೆ ನಾನು ಕಾರು ಹುಡುಕಿದಾಗ ನನಗೆ ಖಾತ್ರಿಯಾದ ಸಂಗತಿ.

ಮೊದಲು ನೋಡಿದ್ದು ಘಟ್ಟದ ಮೇಲಿನ ಒಂದು ಊರಿನ ಯಾರ್ಡಿನಲ್ಲಿ ನಿಂತಿದ್ದ ಬಲೆನೊ. 2019ರದ್ದು, ಬಿಳಿ ಬಣ್ಣ, ಮೀಟರಿನಲ್ಲಿ 38 ಸಾವಿರ ಚಿಲ್ಲರೆ. ಪಾಲಿಶ್ ಹೊಡೆದು ಮಿಂಚಿಸಿದ್ದರು, ಒಳಗೆ ಮಲ್ಲಿಗೆ ಸೆಂಟು. ಜೊತೆಗೆ ಹೆಂಡತಿಯ ತಮ್ಮ ಬಂದಿದ್ದ. ಅವನು ಒಳಗೆ ಕೂತು ನೋಡುವ ಜಾತಿಯಲ್ಲ, ನೇರ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಟಯರ್ ನೋಡಿದ. ಟಯರಿನ ಬದಿಗೆ ಉದ್ದುದ್ದ ಅಂಡಾಕಾರದ ಗುರುತಿನೊಳಗೆ ನಾಲ್ಕು ಅಂಕಿ ಇರುತ್ತದೆ. ಟಯರ್ ಯಾವಾಗ ತಯಾರಾಯಿತು ಎಂದು ಹೇಳುವುದು ಅದೇ: ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ನಾಲ್ಕೂ ಟಯರಿನಲ್ಲಿ ಇದ್ದದ್ದು 1422, ಅಂದರೆ 2022ರ ಹದಿನಾಲ್ಕನೇ ವಾರ. ಸ್ಟೆಪ್ನಿ ಮಾತ್ರ 2019ರದ್ದು. ಇವತ್ತಿಗೂ 38 ಸಾವಿರವೇ ಓಡಿದ ಗಾಡಿಗೆ ಮೂರೇ ವರ್ಷದಲ್ಲಿ ನಾಲ್ಕೂ ಟಯರ್ ಯಾಕೆ ಬದಲಾಯಿತು? ಕಾರಣ ಇರಲೂಬಹುದು. ಆದರೆ ಕ್ಲಚ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿತ್ತು, ಸ್ಟಿಯರಿಂಗಿನ ಮೇಲ್ಭಾಗ ಬೆವರಿನ ಕೈಗೆ ಹೊಳಪೇರಿತ್ತು. ಬಾನೆಟ್ ಎತ್ತಿಸಿದೆವು. ಬ್ಯಾಟರಿ ಪಕ್ಕದ ಪಟ್ಟಿಯ ಮೇಲೆ ಯಾವುದೋ ಗ್ಯಾರೇಜಿನವರು ಅಂಟಿಸಿದ ಸಣ್ಣ ಹಳದಿ ಸ್ಟಿಕ್ಕರ್, ಎಣ್ಣೆ ಮೆತ್ತಿ ಅರ್ಧ ಅಳಿಸಿದ್ದು. ಬೆರಳಿನಿಂದ ಒರೆಸಿದರೆ ಬಾಲ್‌ಪೆನ್ನಿನ ಅಕ್ಷರ: ಮುಂದಿನ ಆಯಿಲ್ 71,000.

‘ಭಾವ, ಹೋಪನ ನೆಡಿ. ಇದು ಸಮ ಇಲ್ಲೆ’ ಎಂದ ತಮ್ಮ, ಯಾರ್ಡಿನವರ ಎದುರೇ.

ನಾನು ಮಾತ್ರ ಇನ್ನೊಂದು ವಿಷಯ ಕೇಳಿಯೇ ಹೊರಟೆ. ಆ ಗಾಡಿಯ ಆರ್‌ಸಿಯಲ್ಲಿ ತಯಾರಾದ ತಿಂಗಳು 2019ರ ಸೆಪ್ಟೆಂಬರ್ ಎಂದಿತ್ತು. 2024ರ ಮಾರ್ಚ್‌ನಲ್ಲಿ ಮಾರುತಿ ಕಂಪನಿ 2019ರ ಜುಲೈ 30ರಿಂದ ನವೆಂಬರ್ 1ರ ನಡುವೆ ತಯಾರಾದ 11,851 ಬಲೆನೊ ಮತ್ತು 4,190 ವ್ಯಾಗನ್‌ಆರ್‌ಗಳನ್ನು ಫ್ಯುಯೆಲ್ ಪಂಪ್ ಮೋಟರಿನ ಒಂದು ಬಿಡಿಭಾಗ ಬದಲಿಸಲು ವಾಪಸ್ ಕರೆದಿತ್ತು. ಖರ್ಚು ಕಂಪನಿಯದೇ. ಆ ಅವಧಿಯ ಎಲ್ಲ ಗಾಡಿಯೂ ಅದರಲ್ಲಿ ಬರುವುದಿಲ್ಲ, ಚಾಸಿ ನಂಬರ್ ಹಾಕಿ ಕಂಪನಿಯ ವೆಬ್‌ಸೈಟಿನಲ್ಲೇ ನೋಡಬಹುದು. ‘ಇದರ ರೀಕಾಲ್ ಕೆಲಸ ಆಗಿದೆಯಾ, ಪ್ರಿಂಟ್ ಇದ್ದರೆ ಕೊಡಿ’ ಎಂದೆ. ಯಾರ್ಡಿನ ಹುಡುಗ ಅಂಥ ಶಬ್ದವನ್ನೇ ಕೇಳಿರಲಿಲ್ಲ. ‘ಸರ್, ನಾವೇ ಆರು ತಿಂಗಳು ಎಂಜಿನ್, ಗೇರ್‌ಬಾಕ್ಸ್ ವಾರಂಟಿ ಕೊಡ್ತೇವೆ’ ಎಂದು ರಸೀದಿ ಪುಸ್ತಕದ ಹಿಂಬದಿ ತೋರಿಸಿದ. ಅಲ್ಲಿ ಒಂದು ಸಾಲು ಸೀಲು ಇತ್ತು, ಅಷ್ಟೇ. ಯಾವ ಭಾಗಕ್ಕೆ, ಎಷ್ಟು ಕಿಲೋಮೀಟರಿನವರೆಗೆ, ಕೆಲಸ ಎಲ್ಲಿ ಮಾಡಿಸಬೇಕು, ಕೂಲಿ ಯಾರದು, ಒಂದಕ್ಷರ ಇಲ್ಲ. ಕಂಪನಿಗಳು ತಮ್ಮದೇ ಮಳಿಗೆಯಲ್ಲಿ ಪರೀಕ್ಷಿಸಿ ಮಾರುವ ಹಳೇ ಗಾಡಿಗೆ ಷರತ್ತು ಬರೆದ ಪುಸ್ತಕ ಕೊಡುತ್ತವೆ. ಸೀಲು ಹೊಡೆದ ವಾರಂಟಿ ಅದಲ್ಲ.

ಎರಡನೆಯದು ಅಂಕೋಲೆಯ ನಿವೃತ್ತ ಮಾಸ್ತರೊಬ್ಬರ ವ್ಯಾಗನ್‌ಆರ್. ಕೆಎ-30, ಪೆಟ್ರೋಲ್, ಮ್ಯಾನುಯಲ್ ಗೇರ್. 2022ರ ಫೆಬ್ರವರಿಯಲ್ಲಿ ತೆಗೆದದ್ದು, 46 ಸಾವಿರ ಓಡಿತ್ತು. ಮಗನ ಜೊತೆ ಇರಲು ಪುಣೆಗೆ ಹೋಗುವವರು, ಹಾಗಾಗಿ ಮಾರಾಟ. ಸಂಬಂಧಿಕರ ಕಡೆಯಿಂದ ಬಂದ ಸುದ್ದಿ. ಕೇಳಿದ್ದು 4 ಲಕ್ಷ 90 ಸಾವಿರ.

ದೇವಿಮನೆ ಘಟ್ಟ ಇಳಿದು, ಕುಮಟಾ ಕಡೆಯಿಂದ ಹೆದ್ದಾರಿ ಹಿಡಿದು ಹೋದೆವು. ಈ ಸಲ ಶಿರಸಿಯ ಗ್ಯಾರೇಜಿನ ಅಣ್ಣನನ್ನೂ ಕರೆದುಕೊಂಡಿದ್ದೆ. ಒಂದು ದಿನದ ದುಡಿಮೆ ಬಿಟ್ಟು ಬರುತ್ತಾನೆಂದು ಮೊದಲೇ ಅವನ ದಿನಗೂಲಿ ಮಾತಾಡಿದ್ದೆ. ಪುಕ್ಕಟೆ ಕರೆದೊಯ್ದ ಮೆಕ್ಯಾನಿಕ್ ಊಟ ಹಾಕಿದವರ ಗಾಡಿಯನ್ನು ಹೊಗಳಿಬಿಡುತ್ತಾನೆ ಎಂಬುದು ನನ್ನ ಅಭಿಪ್ರಾಯ. ಅವನು ಸಿಟ್ಟಾಗಲಿಲ್ಲ, ನಕ್ಕ.

ಮಾಸ್ತರು ಜಗಲಿಯಲ್ಲಿ ಫೈಲ್ ಹಿಡಿದೇ ಕೂತಿದ್ದರು. ಮಾಸ್ತರಲ್ಲವೆ, ಎಲ್ಲ ಕಾಗದಕ್ಕೂ ಪಂಚ್ ಹೊಡೆದು ದಾರ ಕಟ್ಟಿದ್ದಾರೆ. ಕೋಕಂ ಶರಬತ್ತು ಬಂತು. ಕುಡಿಯುತ್ತಲೇ ವಾರಂಟಿ ಮಾತು ತೆಗೆದರು. ‘ಈಗ ಮಾರುತಿಯವ್ರು ಮೂರು ವರ್ಷ, ಒಂದು ಲಕ್ಷ ಕಿಲೋಮೀಟರ್ ಕೊಡ್ತ್ರಲ್ಲ. ಅದರ ಮೇಲೆ ನಾನು ಎಕ್ಸ್‌ಟೆಂಡೆಡ್ ಬೇರೆ ಮಾಡ್ಸಿದ್ದೇನೆ.’

ಇಲ್ಲೊಂದು ಎಡವಟ್ಟಿದೆ, ಬಹಳ ಜನರಿಗೆ ಗೊತ್ತಿಲ್ಲ. ಮೂರು ವರ್ಷ ಅಥವಾ ಒಂದು ಲಕ್ಷ ಎಂಬ ಮೂಲ ವಾರಂಟಿ ಮಾರುತಿಯಲ್ಲಿ ಬಂದದ್ದು 2024ರ ಜುಲೈಯಿಂದ ಮಾರಿದ ಗಾಡಿಗಳಿಗೆ. ಅದಕ್ಕಿಂತ ಹಿಂದಿನವಕ್ಕೆ ಎರಡು ವರ್ಷ ಅಥವಾ 40 ಸಾವಿರ, ಯಾವುದು ಮೊದಲೋ ಅದು. ಈ ‘ಯಾವುದು ಮೊದಲೋ’ ಎಂಬುದನ್ನು ಮಾರುವವರು ಯಾವತ್ತೂ ಹೇಳುವುದಿಲ್ಲ. ಲೆಕ್ಕ ಶುರುವಾಗುವುದು ಗಾಡಿಯನ್ನು ಮೊದಲ ಮಾಲೀಕರ ಕೈಗೆ ಕೊಟ್ಟ ದಿನದಿಂದ, ನಾವು ಕೊಂಡ ದಿನದಿಂದಲ್ಲ. ಹಾಗೆ ನೋಡಿದರೆ ಮಾಸ್ತರ ಗಾಡಿಯ ಮೂಲ ವಾರಂಟಿ 2024ರ ಫೆಬ್ರವರಿಗೇ ಮುಗಿದಿದೆ. ಆದರೆ ಅವರು ಹೇಳಿದ ಎರಡನೇ ಮಾತು ಸತ್ಯ. ಫೈಲಿನಲ್ಲಿ ಎಕ್ಸ್‌ಟೆಂಡೆಡ್ ವಾರಂಟಿಯ ಸರ್ಟಿಫಿಕೇಟ್ ಇತ್ತು, ಐದು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್. 2027ರ ಫೆಬ್ರವರಿವರೆಗೆ ಜೀವ ಇದೆ. ಅದರ ಮೇಲಿನ ಚಾಸಿ ನಂಬರನ್ನು ಆರ್‌ಸಿ ಜೊತೆಗೂ, ಗಾಡಿಯ ಮೇಲೆ ಕೆತ್ತಿದ್ದರ ಜೊತೆಗೂ ಒಂದೊಂದೇ ಅಕ್ಷರ ತಾಳೆ ನೋಡಿದೆ. ಆರ್‌ಟಿಒ ಕಾಗದಕ್ಕೆ ಹೇಗೂ ಚಾಸಿ ಪ್ರಿಂಟ್ ಬೇಕಾಗುತ್ತದೆಂದು ಹೆಂಡತಿಯ ತಮ್ಮ ಅಲ್ಲೇ ತೆಳು ಕಾಗದ ಒತ್ತಿ, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದ.

ಆಮೇಲೆ ಸರ್ವಿಸ್ ಹಿಸ್ಟರಿ. ಬುಕ್ಕಿನಲ್ಲಿ ಸೀಲುಗಳಿದ್ದವು, ಆದರೆ ಸೀಲನ್ನು ನಾನು ನಂಬುವುದಿಲ್ಲ. ರಬ್ಬರ್ ಸ್ಟ್ಯಾಂಪ್ ಯಾರು ಬೇಕಾದರೂ ಮಾಡಿಸಬಹುದು. ಅಧಿಕೃತ ವರ್ಕ್‌ಶಾಪಿಗೆ ಗಾಡಿ ಹೋದಾಗೆಲ್ಲ ಜಾಬ್ ಕಾರ್ಡ್ ತೆರೆಯುತ್ತಾರೆ, ಅದು ಕಂಪನಿಯ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಅಪರಿಚಿತರಿಗೆ ಅದನ್ನು ಕೊಡುವುದಿಲ್ಲ, ಕೊಡಲೂಬಾರದು. ಮಾಲೀಕರೇ ಬಂದು ಕೇಳಿದರೆ ಕೊಡುತ್ತಾರೆ. ‘ಮಾಸ್ತರೆ, ನೀವೂ ಬರಬೇಕು, ಹೋಗಿ ಪ್ರಿಂಟ್ ತೆಗೆಸೋಣ’ ಎಂದೆ. ಮಾರುವವರ ಮುಖ ನೋಡಬೇಕಾದ ಗಳಿಗೆ ಇದು. ಯಾರ್ಡಿನವರು ಈ ಮಾತಿಗೆ ಹತ್ತು ಕಾರಣ ಹೇಳುತ್ತಿದ್ದರು. ಮಾಸ್ತರು ಒಳಗೆ ಹೋಗಿ ಅಂಗಿ ಬದಲಿಸಿ ಬಂದರು.

ಪ್ರಿಂಟ್ ಒಂದೇ ಹಾಳೆ. ದಿನಾಂಕ, ಕಿಲೋಮೀಟರ್, ಕೆಲಸದ ಬಗೆ, ಮೊತ್ತ. ಮಾರ್ಚ್ 2022ರಲ್ಲಿ ಸಾವಿರದ ಸರ್ವಿಸ್, ಆಗಸ್ಟಿನಲ್ಲಿ ಐದು ಸಾವಿರದ್ದು, ಮರುವರ್ಷ ಫೆಬ್ರವರಿಯಲ್ಲಿ ಹತ್ತು ಸಾವಿರದ್ದು. ಇವು ಮೂರೂ ಫ್ರೀ. ಅದರ ಕೆಳಗೆ ಜುಲೈ 2023, ‘ಬಾಡಿ ಅಂಡ್ ಪೇಂಟ್’. ಆಮೇಲೆ ಫೆಬ್ರವರಿ 2024ಕ್ಕೆ 20,400 ಕಿಲೋಮೀಟರ್. ಅದರ ಮುಂದಿನ ಸಾಲೇ ಫೆಬ್ರವರಿ 2025, 38,900. ಹತ್ತು ಸಾವಿರ ಕಿಲೋಮೀಟರ್ ಅಥವಾ ವರ್ಷಕ್ಕೊಮ್ಮೆ ಸರ್ವಿಸ್ ಎಂಬುದು ನಿಯಮ. ನಡುವೆ 18,500 ಕಿಲೋಮೀಟರ್ ಖಾಲಿ.

ಎರಡು ಪ್ರಶ್ನೆ ಎದ್ದವು. ಮೊದಲನೆಯದು ಬಾಡಿ ಅಂಡ್ ಪೇಂಟ್. ಗಾಡಿಗೆ ಏನೂ ತಾಗಿಲ್ಲ ಎಂದು ಫೋನಿನಲ್ಲಿ ಹೇಳಿದ್ದರಲ್ಲ. ‘ಅಯ್ಯೋ ಮಾರಾಯಾ, ಅದು ಆಕ್ಸಿಡೆಂಟ್ ಅಂಬ ಹಾಗೆ ಅಲ್ಲ. ಮಳೆಯಲ್ಲಿ ಹಿಂದೆ ತೆಗೀವಾಗ ಪಾಗಾರಕ್ಕೆ ತಾಗ್ತು. ಬಂಪರ್ ಹೋಯ್ತು, ಡಿಕ್ಕಿ ಬಾಗಿಲು ನುಗ್ಗಾಯ್ತು.’ ನಾನು ಈ ಮಾತು ನಂಬಿದೆ, ಯಾಕೆಂದರೆ ಇನ್ಶೂರೆನ್ಸ್ ಪಾಲಿಸಿ ಅದನ್ನೇ ಹೇಳುತ್ತಿತ್ತು. ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ 20, 25, 35, 45, 50 ಶೇಕಡಾ ಎಂದು ಏರುತ್ತಾ ಹೋಗುತ್ತದೆ, ಒಂದು ಕ್ಲೇಮ್ ಆದರೆ ಸೊನ್ನೆಗೆ ಇಳಿಯುತ್ತದೆ. ಒಮ್ಮೆಯೂ ಕ್ಲೇಮ್ ಆಗದಿದ್ದರೆ 2025ರ ಪಾಲಿಸಿಯಲ್ಲಿ 35 ಇರಬೇಕಿತ್ತು. ಇದ್ದದ್ದು 20. ಅಂದರೆ 2023ರದ್ದೊಂದು ಕ್ಲೇಮ್, ಆಮೇಲೆ ಇನ್ನೊಂದಿಲ್ಲ. ಕಾರು ನೋಡಲು ಹೋದವರು ಬಾನೆಟ್ ಎತ್ತುವ ಮೊದಲು ಪಾಲಿಸಿಯ ಈ ಒಂದು ಅಂಕಿ ನೋಡಿದರೂ ಎಷ್ಟೋ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತವೆ.

ಎರಡನೆಯದು ಖಾಲಿ ಜಾಗ. ಅದಕ್ಕೆ ಮಾಸ್ತರು ಕೊಟ್ಟ ಕಾರಣ ನಮ್ಮ ಜಿಲ್ಲೆಯವರಿಗೆ ಮಾತ್ರ ಅರ್ಥವಾಗುವಂಥದ್ದು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು. ಅವರು ರೂಢಿಯಂತೆ ಸರ್ವಿಸಿಗೆ ಹೋಗುತ್ತಿದ್ದದ್ದು ಕುಮಟಾ ದಿಕ್ಕಿಗೆ, ಅಲ್ಲಿ ತಂಗಿಯ ಮನೆಯಿದೆ. ಸರ್ವಿಸ್ ಸಮಯ ಬಂದದ್ದು ಅದೇ ಜುಲೈ. ಹಾಗಾಗಿ ಊರಿನ ಗ್ಯಾರೇಜಿನಲ್ಲೇ ಆಯಿಲ್ ಬದಲಿಸಿದೆ ಎಂದರು. ಕಾರವಾರದ ಕಡೆ ರಸ್ತೆ ಇತ್ತಲ್ಲ, ಅಲ್ಲಿಗೆ ಹೋಗಬಹುದಿತ್ತು ಎಂದು ನನ್ನ ಬಾಯಿಗೆ ಬಂದಿತ್ತು. ಆ ವಾರಗಳಲ್ಲಿ ಅಂಕೋಲೆಯವರಿಗೆ ಕಾರಿನ ಸರ್ವಿಸ್ ತಲೆಯಲ್ಲಿ ಇದ್ದಿರಲಿಕ್ಕಿಲ್ಲ ಎಂದು ಸುಮ್ಮನಾದೆ.

ಗ್ಯಾರೇಜಿಗೇ ಹೋದೆವು. ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ, ತಗಡಿನ ಮಾಡು, ಎರಡು ಗಾಡಿ ನಿಲ್ಲುವಷ್ಟು ಜಾಗ. ಬಿಲ್ಲು ಕೊಡುವ ಪದ್ಧತಿ ಇಲ್ಲ. ಆದರೆ ಬ್ಯಾಂಕಿನವರು ಕೊಟ್ಟ ಹಳೇ ಡೈರಿಯೊಂದು ಸ್ಪ್ಯಾನರ್ ಹಲಗೆಯ ಕೆಳಗಿನಿಂದ ಹೊರಬಂತು. ಪುಟಗಳ ಅಂಚು ಗ್ರೀಸಿಗೆ ಕಪ್ಪಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಗ್ಯಾರೇಜಿನವರು ಉಗುರಿನಿಂದ ಬಿಡಿಸುತ್ತಾ ಹೋಗಿ ಜುಲೈ 24ರ ಪುಟದಲ್ಲಿ ನಿಂತರು. ‘ಮಾಸ್ತರ್ ವ್ಯಾಗನ್. 29,600. ಆಯಿಲ್, ಫಿಲ್ಟರ್. ಏರ್ ಫಿಲ್ಟರ್ ಊದಿದ್ದು. ಹಿಂದಿನ ಡ್ರಮ್ ಬಿಚ್ಚಿ ಸಾಫ್. ಬಾಕಿ 300.’ ಆ ‘ಬಾಕಿ 300’ ನೋಡಿ ನನಗೆ ಪೂರ್ತಿ ನಂಬಿಕೆ ಬಂತು. ಸುಳ್ಳು ಬರೆಯುವವರು ಬಾಕಿ ಬರೆಯುವುದಿಲ್ಲ. ಮಾಸ್ತರು ‘ಅದು ಕೊಟ್ಟಿದ್ದೇನಲ್ಲ’ ಎಂದು ಅಲ್ಲೇ ವಾದಕ್ಕೆ ನಿಂತರು.

ಇನ್ನೊಂದು ಅನುಮಾನ ಉಳಿದಿತ್ತು. ವರ್ಷಕ್ಕೆ ಹತ್ತು ಸಾವಿರ ಓಡಿಸುತ್ತಿದ್ದವರು ಆ ಒಂದು ವರ್ಷ ಯಾಕೆ ಹತ್ತಿರ ಹತ್ತಿರ ಎರಡು ಪಾಲು ಓಡಿಸಿದರು? ಬಾಡಿಗೆಗೆ ಬಿಟ್ಟಿದ್ದರೋ? ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಓಡಿದ್ದು ಗೊತ್ತಾದರೆ ವಾರಂಟಿಗೂ ಕಷ್ಟ, ಇನ್ಶೂರೆನ್ಸಿಗೂ ಕಷ್ಟ. ಮಾಸ್ತರ ಹೆಂಡತಿ ಒಳಗಿನಿಂದಲೇ ಉತ್ತರ ಕೊಟ್ಟರು, ಆ ವರ್ಷ ತಮ್ಮ ಚಿಕಿತ್ಸೆಗೆ ಮಂಗಳೂರಿಗೆ ಮತ್ತೆ ಮತ್ತೆ ಹೋಗುವುದಿತ್ತು ಎಂದು. ಅಂಥ ಮಾತಿಗೆ ಸಾಕ್ಷಿ ಕೇಳಲು ನಾಲಿಗೆ ಏಳಲಿಲ್ಲ. ಆದರೆ ಮಾಸ್ತರು ತಾವಾಗಿ ಮೊಬೈಲ್ ತೆಗೆದು ಫಾಸ್ಟ್ಯಾಗ್ ಖಾತೆಯ ಹಳೇ ಸ್ಟೇಟ್‌ಮೆಂಟ್ ತೋರಿಸಿದರು. ಹೊಳೆಗದ್ದೆ, ಶಿರೂರು, ಸಾಸ್ತಾನ, ಹೆಜಮಾಡಿ. ಮರುದಿನ ಅಥವಾ ಅದರ ಮರುದಿನ ಅದೇ ಹೆಸರುಗಳು ತಿರುವುಮುರುವಾಗಿ. (ಈ ಟೋಲಿನ ಶಿರೂರು ಬೈಂದೂರು ತಾಲೂಕಿನದು, ಗುಡ್ಡ ಕುಸಿದದ್ದು ಅಂಕೋಲಾ ತಾಲೂಕಿನದು. ಹೊರಗಿನವರು ಕಲಸಿಕೊಳ್ಳುತ್ತಾರೆ.) ಗಾಡಿ ಎಲ್ಲಿ, ಎಷ್ಟು ತಿರುಗಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾಖಲೆ ನಾನು ಕಂಡಿಲ್ಲ. ಹೆದ್ದಾರಿಯಲ್ಲಿ ಓಡಿದ ಕಿಲೋಮೀಟರು ಘಟ್ಟದಲ್ಲಿ ಓಡಿದ್ದಕ್ಕಿಂತ ಎಂಜಿನ್ನಿಗೂ ಕ್ಲಚ್ಚಿಗೂ ಹಗುರ, ಇದು ಶಿರಸಿಯವರಿಗೆ ಹೇಳಿಕೊಡಬೇಕಿಲ್ಲ.

ಇಷ್ಟಾದ ಮೇಲೆ ವಾರಂಟಿಯ ಪ್ರಶ್ನೆಗೆ ಮರಳಿದೆವು. ಡೈರಿ ನನಗೆ ಸಾಕು, ಕಂಪನಿಗೆ ಸಾಕೇ? ವರ್ಕ್‌ಶಾಪಿನ ಸರ್ವಿಸ್ ಅಡ್ವೈಸರ್ ಯುವಕ, ನೇರವಾಗಿ ಮಾತಾಡಿದ. ‘ಸರ್, ಎಕ್ಸ್‌ಟೆಂಡೆಡ್ ವಾರಂಟಿ ಸಿಸ್ಟಮ್‌ನಲ್ಲಿ ಆ್ಯಕ್ಟಿವ್ ಇದೆ. ಆದ್ರೆ ನಾಳೆ ಎಂಜಿನ್ ಒಳಗೆ ಏನಾದ್ರೂ ಆದ್ರೆ, ಈ ಗ್ಯಾಪ್ ನೋಡಿಯೇ ನೋಡ್ತಾರೆ. ಹೊರಗಿನ ಆಯಿಲ್ ಯಾವುದು ಅಂತ ಕೇಳ್ತಾರೆ. ಸ್ಟಿಯರಿಂಗ್, ಎಸಿ ಕಂಪ್ರೆಸರ್, ಆಲ್ಟರ್ನೇಟರ್ ಇಂಥದಕ್ಕೆ ಆ ಸರ್ವಿಸಿಗೂ ಸಂಬಂಧ ಇಲ್ಲ, ಅದು ಬರಬಹುದು.’ ಬರಬಹುದು ಎಂಬುದು ಬಾಯಿಮಾತು. ಹಾಗಾಗಿ ಮಾಸ್ತರ ಮೇಲ್‌ನಿಂದಲೇ ಕಂಪನಿಯ ಗ್ರಾಹಕ ವಿಭಾಗಕ್ಕೆ ಚಾಸಿ ನಂಬರ್, ಖಾಲಿ ಹೋದ ಸರ್ವಿಸಿನ ವಿವರ ಎಲ್ಲ ಬರೆದು ಕೇಳಿಸಿದೆ. ಉತ್ತರ ಬಂತು: ವಾರಂಟಿ ಚಾಲ್ತಿಯಲ್ಲಿದೆ, ಕ್ಲೇಮ್‌ನ ತೀರ್ಮಾನ ಗಾಡಿ ಪರೀಕ್ಷಿಸಿದ ಮೇಲೆ. ಇಷ್ಟೇ ಬರುತ್ತದೆಂದು ಗೊತ್ತಿತ್ತು. ಆದರೂ ‘ನೀವು ಮುಚ್ಚಿಟ್ಟಿರಿ’ ಎಂದು ನಾಳೆ ಯಾರೂ ಹೇಳುವ ಹಾಗಿಲ್ಲ.

ಅಡ್ವೈಸರ್ ಹತ್ತಿರ ವಾರಂಟಿಗೆ ಬರದ ಪಟ್ಟಿಯನ್ನೂ ಕೇಳಿದೆ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ವೈಪರ್, ಬಲ್ಬು, ಫಿಲ್ಟರ್ ಇವೆಲ್ಲ ಸವೆಯುವ ಸಾಮಾನು, ಬರುವುದಿಲ್ಲ. ಟಯರಿಗೂ ಬ್ಯಾಟರಿಗೂ ಅವುಗಳ ಕಂಪನಿಯವರೇ ಹೊಣೆ. ನೆರೆ ನೀರು ನುಗ್ಗಿದ್ದು ಬರುವುದಿಲ್ಲ. ಉಪ್ಪುಗಾಳಿಗೆ ಹಿಡಿದ ತುಕ್ಕೂ ಬರುವುದಿಲ್ಲ ಎಂದ. ಕರಾವಳಿಯಲ್ಲಿ ಗಾಡಿ ಕೊಳ್ಳುವವರಿಗೆ ಕೊನೆಯ ಎರಡೇ ದೊಡ್ಡ ಭಯ. ಅವೆರಡನ್ನೂ ಕಾಗದ ಕಾಯುವುದಿಲ್ಲ, ಕಣ್ಣೇ ನೋಡಬೇಕು.

ಅದನ್ನು ಗ್ಯಾರೇಜಿನ ಅಣ್ಣ ನೋಡಿದ. ನಾಲ್ಕೂ ಸೀಟ್ ಬೆಲ್ಟ್‌ಗಳನ್ನು ಕೊನೆಯವರೆಗೆ ಎಳೆದ. ತೊಳೆದ ಗಾಡಿಯಲ್ಲೂ ಬೆಲ್ಟಿನ ಸುರುಳಿಯ ಒಳತುದಿಯಲ್ಲಿ ಕೆಸರಿನ ಗೆರೆ ಉಳಿಯುತ್ತದಂತೆ, ಅಲ್ಲಿ ಯಾರೂ ತೊಳೆಯುವುದಿಲ್ಲ. ಬೆಲ್ಟು ಸ್ವಚ್ಛವಾಗಿತ್ತು. ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿ ಗುಂಡಿಗೆ ಮೂಗು ಹಾಕಿದ. ಸೀಟಿನ ಕೆಳಗಿನ ಬೋಲ್ಟುಗಳನ್ನು ಟಾರ್ಚಿನಲ್ಲಿ ನೋಡಿದ. ಆಮೇಲೆ ಗೋಣಿಚೀಲ ಹಾಸಿ ಅಡಿಗೆ ಹೋದವನು ಬಹಳ ಹೊತ್ತು ಹೊರಬರಲೇ ಇಲ್ಲ. ಸ್ಕ್ರೂಡ್ರೈವರಿನ ತುದಿಯಿಂದ ಕಟ್ ಕಟ್ ಎಂದು ಬಡಿಯುವ ಸದ್ದು ಮಾತ್ರ. ಹೊರಬಂದು ಅಂಗೈ ಚಾಚಿದ: ಕೆಂಪು ತುಕ್ಕಿನ ಹೊಟ್ಟು. ‘ಸೈಲೆನ್ಸರ್ ಪೈಪಿನ ಜಾಯಿಂಟ್, ಹಿಂದಿನ ಆಕ್ಸಲ್. ಮೇಲ್ಮೈ ಮಾತ್ರ, ತೂತು ಬೀಳಲಿಲ್ಲ. ಚಾಸಿ ಗಟ್ಟಿ ಇದೆ. ಕೆರೆಸಿ ಕೋಟಿಂಗ್ ಹೊಡೆಸಬೇಕು. ಕ್ಲಚ್ ಸವೆದು ಮೇಲೆ ಹಿಡೀತದೆ, ಘಟ್ಟ ಹತ್ತಿಸಿದರೆ ವರ್ಷ ತಡೆದೀತು.’ ಮಾಸ್ತರು ಗಾಡಿಯನ್ನು ಮಾವಿನ ಮರದಡಿ ತೆರೆದ ಜಾಗದಲ್ಲಿ ನಿಲ್ಲಿಸುತ್ತಿದ್ದರು, ಸಮುದ್ರ ಕಿವಿಗೆ ಕೇಳುವಷ್ಟು ಹತ್ತಿರ.

ಚೌಕಾಶಿ ಇಲ್ಲಿಂದ ಸುಲಭವಾಯಿತು. ಕ್ಲಚ್ಚಿನ ಖರ್ಚು ಇಷ್ಟು, ಕೋಟಿಂಗ್ ಇಷ್ಟು, ಇವು ಗಾಡಿಯ ಸ್ಥಿತಿಯ ಲೆಕ್ಕ. ಕಾಗದದ ಲೆಕ್ಕ ಬೇರೆ. ಎಂಜಿನ್ನಿಗೆ ವಾರಂಟಿ ಇದೆ ಎಂದು ನಾನು ಒಂದು ರೂಪಾಯಿಯೂ ಹೆಚ್ಚು ಕೊಡುವುದಿಲ್ಲ, ಉಳಿದ ಭಾಗಗಳಿಗೆ ಕೊಡುತ್ತೇನೆ ಎಂದೆ. ಮಾಸ್ತರು ಫೈಲಿನ ಹಿಂಬದಿಯಲ್ಲಿ ಕೂಡಿ ಕಳೆದು ನೋಡಿದರು. 4 ಲಕ್ಷ 65 ಸಾವಿರಕ್ಕೆ ನಿಂತಿತು. ‘ಎಂಜಿನ್ ಚಲೋ ಇದೆ ಅಂತ ನಿನ್ನ ಮೆಕ್ಯಾನಿಕ್ಕೇ ಹೇಳ್ತಾನಲ್ಲ’ ಎಂದು ಅವರು ಒಂದು ಸಲ ಗುರಾಯಿಸಿದ್ದು ನಿಜ. ಹೌದು, ಅದಕ್ಕೇ ಗಾಡಿ ತೆಗೆದುಕೊಳ್ಳುತ್ತಿದ್ದೇನೆ.

ಉಳಿದದ್ದು ಕಾಗದಪತ್ರದ ಓಡಾಟ, ಅದನ್ನು ಉದ್ದ ಮಾಡುವುದಿಲ್ಲ. ಗಾಡಿಯ ದಾಖಲೆ ತೋರಿಸುವ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರು ಇನ್ನೂ ಇತ್ತು. ಸಾಲ ತೀರಿದ್ದರೂ ಮಾಸ್ತರು ಆರ್‌ಸಿಯಿಂದ ತೆಗೆಸಿರಲಿಲ್ಲ. ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 ಹಾಕಿ ಅದು ಹೋಗುವವರೆಗೆ ಅಡ್ವಾನ್ಸ್ ಬಿಟ್ಟು ಬೇರೆ ಹಣ ಕೊಡಲಿಲ್ಲ. ಆಮೇಲೆ ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, 30. ಒಂದೇ ರಾಜ್ಯದೊಳಗಾದರೆ ಮಾರಿದವರು ಹದಿನಾಲ್ಕು ದಿನದೊಳಗೆ, ಕೊಂಡವರು ಮೂವತ್ತು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಇನ್ಶೂರೆನ್ಸ್ ಹೆಸರು ಬದಲಿಸಲು ಕೊಂಡವರಿಗೆ ಗಡುವು ಹದಿನಾಲ್ಕೇ ದಿನ. ಮಾಸ್ತರ 20 ಶೇಕಡಾ ಬೋನಸ್ ಅವರಿಗೇ ಸೇರಿದ್ದು, ಗಾಡಿಗಲ್ಲ. ಪಾಲಿಸಿಯ ಉಳಿದ ಅವಧಿಗೆ ಆ ರಿಯಾಯಿತಿಯ ಹಣ ನನ್ನಿಂದ ವಸೂಲಾಯಿತು. ಫಾಸ್ಟ್ಯಾಗ್ ಅವರು ಮುಚ್ಚಿಸಿದರು, ನಾನು ಹೊಸದು ತೆಗೆದೆ.

ಆರ್‌ಸಿ ನನ್ನ ಹೆಸರಿಗೆ ಬಂದ ಮೇಲೆ ಅದರ ಪ್ರತಿ ಕೊಟ್ಟು ವರ್ಕ್‌ಶಾಪಿನ ದಾಖಲೆಯಲ್ಲೂ ವಾರಂಟಿಯಲ್ಲೂ ಹೆಸರು ಬದಲಿಸಲು ಹೇಳಿದೆ. ಇದನ್ನು ಬಹಳ ಜನ ಮಾಡಿಸುವುದೇ ಇಲ್ಲ, ಕ್ಲೇಮ್ ಹೊತ್ತಿಗೆ ಹಳೇ ಮಾಲೀಕರ ಮೊಬೈಲಿಗೆ ಒಟಿಪಿ ಹೋಗಿ ಪರದಾಡುತ್ತಾರೆ. ಹೆಸರು ಬದಲಿಸಿದ ಕೆಲವೇ ವಾರಕ್ಕೆ ಸ್ಟಿಯರಿಂಗ್ ತಿರುಗಿಸುವಾಗ ಕೆಳಗಿನಿಂದ ಟಕ್ ಟಕ್ ಎನ್ನತೊಡಗಿತು. ವರ್ಕ್‌ಶಾಪಿನವರು ಬಿಚ್ಚಿ ನೋಡಿ, ಫೋಟೊ ಕಳಿಸಿ, ಒಪ್ಪಿಗೆ ಬಂದ ಮೇಲೆ ಭಾಗ ಬದಲಿಸಿದರು. ಬಿಲ್ಲಿನಲ್ಲಿ ಸೊನ್ನೆ. ಖಾಲಿ ಹೋದ ಸರ್ವಿಸಿನ ಬಗ್ಗೆ ಯಾರೂ ಕೇಳಲಿಲ್ಲ. ಕ್ಲಚ್ ಇನ್ನೂ ಮೇಲೇ ಹಿಡಿಯುತ್ತಿದೆ. ಅದನ್ನು ಮಳೆಗಾಲದ ಮೊದಲು ಶಿರಸಿಯ ಅಣ್ಣನ ಹತ್ತಿರವೇ ಮಾಡಿಸುವುದೆಂದು ಮಾತಾಗಿದೆ, ಹೇಗೂ ಅದು ವಾರಂಟಿಗೆ ಬರುವುದಲ್ಲ. 50 ಸಾವಿರದ ಸರ್ವಿಸ್ ಮಾತ್ರ ಕಂಪನಿಯಲ್ಲಿ, ದಿನಾಂಕ ತಪ್ಪದೆ.